ಐವತ್ತೊಂದು ಮಣಿಗಳ ಸರ
(ಬಾನುಲಿ ಭಾಷಣ)



ನಮ್ಮ ಸೋದರತ್ತೆಗೆ ಸಕ್ಕರೆ ಕಾಯಿಲೆ ಇತ್ತು. ನಾನು ಆಗ ಹೈಸ್ಕೂಲು. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಒದ್ದೆ ಮರಳು ತುಂಬಿದ ಒಂದು ಮಡಕೆ, ಅದರೊಳಗೆ ಹುಗಿದಿಟ್ಟ ಒಂದು ಕುಡಿಕೆ, ಆ ಕುಡಿಕೆಯಲ್ಲಿ ಇನ್ಸುಲಿನ್ ಸೀಸೆ. ದಿನಾ ಬೆಳಗ್ಗೆ ಮರಳಿಗೆ ನೀರು ಚಿಮುಕಿಸುವ ಕೆಲಸ ನನ್ನದು. ಒಂದು ದಿನ ಅತ್ತೆ ಆ ಸೀಸೆಯನ್ನು ನನ್ನ ಕೈಗಿಟ್ಟು, "ಇಂಗ್ಲಿಷ್ ಓದ್ತೀಯಲ್ಲ, ಇದರ ಮೇಲೆ ಏನಂತ ಬರೆದಿದಾರೆ ನೋಡೋ" ಅಂದರು. 'ಬೋವೈನ್' ಎಂದು ಬರೆದಿತ್ತು. ಒಳಗೆ ಹೋಗಿ ನಿಘಂಟು ತೆರೆದೆ. ದನಕ್ಕೆ ಸಂಬಂಧಪಟ್ಟದ್ದು ಎಂದಿತ್ತು. ಅತ್ತೆ ಮಡಿ ಹೆಂಗಸು, ಈರುಳ್ಳಿಯನ್ನೂ ಮುಟ್ಟದವರು. ಹೊರಗೆ ಬಂದು, "ಅದು ಕಂಪನಿ ಹೆಸರು ಅತ್ತೆ" ಅಂದುಬಿಟ್ಟೆ. ಆ ಸುಳ್ಳಿಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಆದರೆ ತಲೆಯಲ್ಲಿ ಒಂದು ಹುಳ ಹೊಕ್ಕಿತು. ದನದ ಮೈಯಲ್ಲಿ ಹುಟ್ಟಿದ ವಸ್ತು ನಮ್ಮತ್ತೆಯ ಮೈಗೆ ಒಗ್ಗುತ್ತದೆ ಅಂದರೆ, ದನದ ಇನ್ಸುಲಿನ್ನೂ ಮನುಷ್ಯರ ಇನ್ಸುಲಿನ್ನೂ ಒಂದೆಯೋ, ಬೇರೆಯೋ? ಬೇರೆಯಾದರೆ ಎಷ್ಟು ಬೇರೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ ಬಗೆಯೇ ಇವತ್ತಿನ ಮಾತು.

ಇನ್ಸುಲಿನ್ ಒಂದು ಪ್ರೋಟೀನ್. ಬೇಳೆ, ಹಾಲು, ಮೊಟ್ಟೆಯಲ್ಲಿ ಇರುವುದು ಎಂದು ಪ್ರೋಟೀನನ್ನು ನಾವು ಊಟದ ಲೆಕ್ಕದಲ್ಲಿ ಬಲ್ಲೆವು. ಮೈಯೊಳಗೆ ಅವು ಸಾವಿರಾರು ಬಗೆ: ರಕ್ತದ ಕೆಂಪು, ಕೂದಲು, ಉಗುರು, ಜೀರ್ಣ ಮಾಡುವ ಕಿಣ್ವಗಳು. ಇಷ್ಟೆಲ್ಲ ಬಗೆಗೂ ಬಂಡವಾಳ ಒಂದೇ, ಅಮೈನೋ ಆಮ್ಲ ಎಂಬ ಇಪ್ಪತ್ತು ಬಗೆಯ ಮಣಿಗಳು. ಒಂದರ ಹಿಂದೊಂದು ಪೋಣಿಸಿಕೊಂಡು ಹೋದರೆ ಪ್ರೋಟೀನಿನ ಸರ. ಇಪ್ಪತ್ತು ಬಗೆಯಿಂದ ಎರಡು ಮಣಿಯ ಸರ ಮಾಡಿದರೆ 400 ಬಗೆ, ಮೂರು ಮಣಿಯದಾದರೆ 8,000 ಬಗೆ. ಮುಂದಿನದನ್ನು ಲೆಕ್ಕ ಹಾಕುವ ಹುಮ್ಮಸ್ಸಿರುವವರು ಹಾಕಿಕೊಳ್ಳಬಹುದು.

1902ರಲ್ಲೇ ಜರ್ಮನಿಯ ಎಮಿಲ್ ಫಿಷರ್, ಫ್ರಾಂಜ್ ಹಾಫ್‌ಮೈಸ್ಟರ್ ಇಬ್ಬರೂ ಪ್ರೋಟೀನೆಂದರೆ ಹೀಗೆ ಕೊಂಡಿ ಹಾಕಿಕೊಂಡ ಅಮೈನೋ ಆಮ್ಲಗಳು ಎಂದು ಹೇಳಿದ್ದರು. ಆದರೆ ಯಾವುದರ ಪಕ್ಕ ಯಾವುದು? ಅದು ನಲವತ್ತು ವರ್ಷ ಕಳೆದರೂ ಯಾರಿಗೂ ಗೊತ್ತಿರಲಿಲ್ಲ. ಒಂದೊಂದು ಪ್ರೋಟೀನಿಗೂ ತನ್ನದೇ ಆದ, ತಪ್ಪದ ಕ್ರಮ ಇದೆ ಎಂಬುದನ್ನೇ ಅನುಮಾನಿಸಿದವರು ಇದ್ದರು. ಅವರ ಪ್ರಕಾರ ಪ್ರೋಟೀನೆಂದರೆ ಹೆಚ್ಚುಕಡಿಮೆ ಒಂದೇ ಥರದ ಅಣುಗಳ ಕಲಸುಮೇಲೋಗರ. ಇನ್ನು ಅಮೆರಿಕದ ಮ್ಯಾಕ್ಸ್ ಬರ್ಗ್‌ಮನ್ ಮತ್ತು ಕಾರ್ಲ್ ನೀಮನ್ ಇದಕ್ಕೆ ತಿರುಗುಮುರುಗು. ಒಂದೊಂದು ಬಗೆಯ ಮಣಿಯೂ ಇಂತಿಷ್ಟು ಮಣಿಗೊಮ್ಮೆ ತಪ್ಪದೆ ಬರುತ್ತದೆ, ತಾಳದ ಆವರ್ತದ ಹಾಗೆ, ಎಂದು ಅವರ ವಾದ. ಕೇಳುವುದಕ್ಕೆ ಚೆನ್ನ. ಎರಡು ಕಡೆಯವರಲ್ಲೂ ಸರವನ್ನು ಕಣ್ಣಾರೆ ಓದಿದವರು ಒಬ್ಬರೂ ಇರಲಿಲ್ಲ.

ಓದಿದವರು ಫ್ರೆಡರಿಕ್ ಸ್ಯಾಂಗರ್. 1918ರಲ್ಲಿ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ವೈದ್ಯರ ಮಗನಾಗಿ ಹುಟ್ಟಿದವರು. ಕ್ವೇಕರ್ ಪಂಥದ ಮನೆತನ. ಎರಡನೆಯ ಮಹಾಯುದ್ಧದಲ್ಲಿ ಆಯುಧ ಹಿಡಿಯುವುದಿಲ್ಲ ಎಂದು ಹೇಳಿ ಕೇಂಬ್ರಿಜ್‌ನ ಪ್ರಯೋಗಶಾಲೆಯಲ್ಲಿ ಉಳಿದರು. 1943ರಲ್ಲಿ ಪಿಎಚ್.ಡಿ. ಮುಗಿಸಿದರು. ಆ ವರ್ಷ ಅಲ್ಲಿನ ಜೀವರಸಾಯನ ವಿಭಾಗಕ್ಕೆ ಮುಖ್ಯಸ್ಥರಾಗಿ ಬಂದ ಚಿಬ್‌ನಲ್ ಎಂಬುವರು, ಇನ್ಸುಲಿನ್ ಸರದ ತುದಿಯನ್ನು ಹಿಡಿದು ನೋಡಿ ಎಂದು ಸೂಚಿಸಿದರು. ಇನ್ಸುಲಿನ್ನೇ ಏಕೆ? ಇದರಲ್ಲಿ ದೊಡ್ಡ ತತ್ತ್ವವೇನೂ ಇಲ್ಲ. ಚೊಕ್ಕಟವಾದ ಪ್ರೋಟೀನ್ ಸಿಗುವುದೇ ದುರ್ಲಭವಾಗಿದ್ದ ಕಾಲ ಅದು; ಇನ್ಸುಲಿನ್ ಮಾತ್ರ ಔಷಧಿ ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಸಿಗುತ್ತಿತ್ತು. ಸಕ್ಕರೆ ಕಾಯಿಲೆಯವರಿಗಾಗಿ ದನದ ಮೇದೋಜೀರಕ ಗ್ರಂಥಿಯಿಂದ ತೆಗೆದ ಇನ್ಸುಲಿನ್. ನಮ್ಮತ್ತೆಯ ಮಡಕೆಯಲ್ಲಿ ಇದ್ದದ್ದೇ.

ಈಗ ಕೈಕೆಲಸದ ಭಾಗಕ್ಕೆ ಬರೋಣ. ಚಿತ್ರ ತೋರಿಸಲು ರೇಡಿಯೋದಲ್ಲಿ ಅನುಕೂಲವಿಲ್ಲ, ಆದ್ದರಿಂದ ಸ್ವಲ್ಪ ಗಮನ ಕೊಟ್ಟು ಕೇಳಬೇಕು.

ಪ್ರೋಟೀನನ್ನು ಕಡು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇಡೀ ದಿನ ಕುದಿಸಿದರೆ ಸರದ ದಾರವೆಲ್ಲ ಹರಿದು ಮಣಿಗಳು ಬಿಡಿಬಿಡಿಯಾಗುತ್ತವೆ. ಯಾವ ಬಣ್ಣದ್ದು ಎಷ್ಟು ಎಂದು ಎಣಿಸಬಹುದು. ಆದರೆ ಎಣಿಸುವಷ್ಟರಲ್ಲಿ ಕ್ರಮ ಮಾಯ. ಮನೆಯಲ್ಲಿ ಮಕ್ಕಳು ಸರ ಎಳೆದು ಹರಿದರೆ ಮಣಿಗಳನ್ನೆಲ್ಲ ಆರಿಸಿ ಡಬ್ಬಿಗೆ ತುಂಬಬಹುದು, ಮೊದಲು ಹೇಗೆ ಪೋಣಿಸಿತ್ತು ಎಂದು ಡಬ್ಬಿ ಹೇಳುವುದಿಲ್ಲ.

ಸ್ಯಾಂಗರ್ ಮಾಡಿದ ಉಪಾಯ ಇದು: ಹರಿಯುವ ಮೊದಲೇ ತುದಿಯ ಮಣಿಗೆ ಅರಿಶಿನ ಹಚ್ಚಿಬಿಡು. ಫ್ಲೋರೋ ಡೈನೈಟ್ರೋಬೆಂಜೀನ್ ಎಂಬ ರಾಸಾಯನಿಕವನ್ನು ಅವರು ಬಳಸಿದರು. ಹೆಸರು ಮರೆತರೂ ಚಿಂತೆಯಿಲ್ಲ. ಅದು ಸರದ ಒಂದು ತುದಿಯಲ್ಲಿ ಬಿಡುವಾಗಿರುವ ಮಣಿಗೆ ಅಂಟಿಕೊಳ್ಳುತ್ತದೆ, ಹಳದಿ ಬಣ್ಣ ಕೊಡುತ್ತದೆ, ಆಮೇಲೆ ಆಮ್ಲದಲ್ಲಿ ಕುದಿಸಿದರೂ ಬಿಟ್ಟುಹೋಗುವುದಿಲ್ಲ. ಇಡೀ ಸರ ಪುಡಿಯಾದ ಮೇಲೂ ಹಳದಿಯಾಗಿರುವ ಮಣಿ ಯಾವುದೋ ಅದೇ ಮೊದಲನೆಯದು. 1945ರಲ್ಲಿ ಪ್ರಕಟಿಸಿದರು. ಇನ್ಸುಲಿನ್ನಿನಲ್ಲಿ ಹಳದಿಯಾದ ತುದಿಮಣಿ ಒಂದಲ್ಲ, ಎರಡು ಬಗೆ: ಗ್ಲೈಸಿನ್ ಒಂದು, ಫಿನೈಲ್ ಅಲನಿನ್ ಇನ್ನೊಂದು. ಅಂದರೆ ಸರ ಒಂದೇ ಅಲ್ಲ.

ಇಲ್ಲಿ ಸ್ಯಾಂಗರ್ ಒಂದು ಎಡವಟ್ಟು ಮಾಡಿಕೊಂಡರು. ಇನ್ಸುಲಿನ್ ಅಣುವಿನ ತೂಕ ಸುಮಾರು 12,000 ಎಂದು ಆಗ ನಂಬಿಕೆ. ಆ ಲೆಕ್ಕದಲ್ಲಿ ಒಂದು ಅಣುವಿಗೆ ನಾಲ್ಕು ತುದಿ ಬರುತ್ತಿದ್ದವು, ಹಾಗಾಗಿ ನಾಲ್ಕು ಸರ ಎಂದು ಬರೆದರು. ನಿಜವಾದ ತೂಕ ಅದರ ಅರ್ಧ, ಸುಮಾರು 6,000, ಸರ ಎರಡೇ. ತೂಕದ ಕಲ್ಲೇ ತಪ್ಪಿದ್ದರೆ ತಕ್ಕಡಿ ಹಿಡಿದವನು ಏನು ಮಾಡಿಯಾನು!

ಎರಡು ಸರಗಳನ್ನು ಗಂಧಕದ ಕೊಂಡಿಗಳು ಬೆಸೆದಿದ್ದವು. ಪರ್‌ಫಾರ್ಮಿಕ್ ಆಮ್ಲ ಹಾಕಿ ಕೊಂಡಿ ಬಿಡಿಸಿದಾಗ ಎರಡೂ ಬೇರೆಯಾದವು. ಗ್ಲೈಸಿನ್ನಿನಿಂದ ಶುರುವಾಗುವ 21 ಮಣಿಗಳದ್ದು ಎ ಸರ. ಫಿನೈಲ್ ಅಲನಿನ್ನಿನಿಂದ ಶುರುವಾಗುವ 30 ಮಣಿಗಳದ್ದು ಬಿ ಸರ. ಒಟ್ಟು 51.

ಮೊದಲ ಮಣಿ ಗೊತ್ತಾಯಿತು ಸರಿ, ಉಳಿದವು? ಅರಿಶಿನ ಹಚ್ಚುವ ವಿದ್ಯೆ ತುದಿಯಿಂದ ನಾಲ್ಕೈದು ಮಣಿಯವರೆಗೆ ಮಾತ್ರ ದಾರಿ ತೋರಿಸಿತು. ಅಲ್ಲಿಂದ ಮುಂದಕ್ಕೆ ಸ್ಯಾಂಗರ್ ಹಿಡಿದ ದಾರಿ ನಮ್ಮ ಅಂತ್ಯಾಕ್ಷರಿಯದು. ಆಮ್ಲವನ್ನು ತೆಳುವಾಗಿ, ಸ್ವಲ್ಪ ಹೊತ್ತು ಮಾತ್ರ ಬಿಟ್ಟರೆ ಸರ ಪೂರ್ತಿ ಪುಡಿಯಾಗುವುದಿಲ್ಲ. ಎರಡು, ಮೂರು, ನಾಲ್ಕು ಮಣಿಗಳ ತುಂಡುಗಳಾಗುತ್ತದೆ. ಎಲ್ಲಿ ತುಂಡಾಗುತ್ತದೆ ಎಂಬುದಕ್ಕೆ ನಿಯಮವಿಲ್ಲ, ಒಂದು ಅಣು ಇಲ್ಲಿ ತುಂಡಾದರೆ ಇನ್ನೊಂದು ಅಲ್ಲಿ. ಅದೇ ಅನುಕೂಲ. ಒಂದು ತುಂಡಿನಲ್ಲಿ ಸೆರೀನ್, ಹಿಸ್ಟಿಡಿನ್, ಲ್ಯೂಸಿನ್ ಎಂದು ಬಂತು ಎನ್ನಿ. ಇನ್ನೊಂದರಲ್ಲಿ ಲ್ಯೂಸಿನ್, ವ್ಯಾಲಿನ್, ಗ್ಲುಟಾಮಿಕ್ ಆಮ್ಲ. ಮತ್ತೊಂದರಲ್ಲಿ ವ್ಯಾಲಿನ್, ಗ್ಲುಟಾಮಿಕ್ ಆಮ್ಲ, ಅಲನಿನ್. ಒಂದರ ಕೊನೆ ಇನ್ನೊಂದರ ಮೊದಲು. ಕೂಡಿಸಿದರೆ ಆರು ಮಣಿಯ ಸಾಲು ಸಿಕ್ಕಿತು. ಬಿ ಸರದಲ್ಲಿ ಒಂಬತ್ತರಿಂದ ಹದಿನಾಲ್ಕನೆಯ ಮಣಿಯವರೆಗೆ ಇರುವುದು ನಿಜವಾಗಿ ಇದೇ ಸಾಲು.

ಅಂತ್ಯಾಕ್ಷರಿ ಆಡಿದವರಿಗೆ ಇದರ ಫಜೀತಿಯೂ ಗೊತ್ತು. ಒಂದೇ ಅಕ್ಷರಕ್ಕೆ ಎರಡು ಹಾಡು ಸಿಕ್ಕರೆ? ಬಿ ಸರದಲ್ಲಿ ಲ್ಯೂಸಿನ್, ವ್ಯಾಲಿನ್ ಜೋಡಿ ಎರಡು ಕಡೆ ಬರುತ್ತದೆ. ಹನ್ನೊಂದನೆಯ ಜಾಗದಲ್ಲಿ ಒಮ್ಮೆ, ಹದಿನೇಳನೆಯ ಜಾಗದಲ್ಲಿ ಇನ್ನೊಮ್ಮೆ. ಮೊದಲನೆಯದರ ಮುಂದೆ ಗ್ಲುಟಾಮಿಕ್ ಆಮ್ಲ, ಎರಡನೆಯದರ ಮುಂದೆ ಸಿಸ್ಟೀನ್. ಸಣ್ಣ ತುಂಡು ಹಿಡಿದವನಿಗೆ ತಾನು ಯಾವ ಲ್ಯೂಸಿನ್ನಿನ ಹತ್ತಿರ ನಿಂತಿದ್ದೇನೆ ಎಂದು ತಿಳಿಯುವುದಿಲ್ಲ. ಆಗ ಉದ್ದನೆಯ ತುಂಡು ಬೇಕು. ಅದಕ್ಕೆ ಆಮ್ಲ ಬಿಟ್ಟು ಹೊಟ್ಟೆಯ ಕಿಣ್ವಗಳ ಮೊರೆ ಹೋದರು. ಟ್ರಿಪ್ಸಿನ್ ಎಂಬ ಕಿಣ್ವ ಲೈಸಿನ್ ಅಥವಾ ಆರ್ಜಿನಿನ್ ಆದ ಮೇಲೆ ಮಾತ್ರ ಕತ್ತರಿಸುತ್ತದೆ, ಬೇರೆಡೆ ಬಾಯಿ ಹಾಕುವುದಿಲ್ಲ.

ಈ ತುಂಡುಗಳನ್ನು ಬೇರ್ಪಡಿಸಿದ್ದು ಹೇಗೆ? ಶಾಲೆಯಲ್ಲಿ ಸೀಮೆಸುಣ್ಣದ ಮೇಲೆ ಶಾಯಿಯ ಚುಕ್ಕೆ ಇಟ್ಟು ನೀರಿನಲ್ಲಿ ನಿಲ್ಲಿಸಿ, ಬಣ್ಣಗಳು ಒಂದೊಂದೇ ಮೇಲೇರುವುದನ್ನು ನೋಡಿದವರು ಇರಬಹುದು. ಅದೇ ಆಟವನ್ನು ಸೋಸುಕಾಗದದ ಮೇಲೆ ಆಡಿದವರು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಉಣ್ಣೆಯ ಸಂಶೋಧನಾ ಸಂಸ್ಥೆಯಲ್ಲಿದ್ದ ಮಾರ್ಟಿನ್ ಮತ್ತು ಅವರ ಸಂಗಡಿಗರು, 1944ರಲ್ಲಿ. ಉಣ್ಣೆಯೂ ಪ್ರೋಟೀನೇ ತಾನೆ! ಇದಕ್ಕೆ ಬುನಾದಿ ಹಾಕಿದ ಮಾರ್ಟಿನ್, ಸಿಂಜ್ ಇಬ್ಬರಿಗೂ 1952ರ ನೊಬೆಲ್ ಬಂತು. ಹಾಸುಗಾಗದದಷ್ಟು ದೊಡ್ಡ ಹಾಳೆಯ ಮೂಲೆಯಲ್ಲಿ ಒಂದು ತೊಟ್ಟು ಇಟ್ಟು, ಒಂದು ದ್ರಾವಕವನ್ನು ಒಂದು ದಿಕ್ಕಿಗೆ ಹರಿಯಬಿಡುವುದು. ಒಣಗಿಸಿ, ಹಾಳೆ ತಿರುಗಿಸಿ, ಇನ್ನೊಂದು ದ್ರಾವಕವನ್ನು ಅಡ್ಡ ದಿಕ್ಕಿಗೆ ಬಿಡುವುದು. ಆಮೇಲೆ ನಿನ್‌ಹೈಡ್ರಿನ್ ಸಿಂಪಡಿಸಿ ಬಿಸಿ ತೋರಿಸಿದರೆ ನೇರಳೆ ಚುಕ್ಕೆಗಳು ಏಳುತ್ತವೆ. ಕಾಗದದ ಮೇಲಿನ ಬೆರಳಚ್ಚು ಎಬ್ಬಿಸಲು ಪೊಲೀಸರು ಬಳಸುವುದೂ ಇದೇ ನಿನ್‌ಹೈಡ್ರಿನ್. ಬೆವರಿನಲ್ಲೂ ಅಮೈನೋ ಆಮ್ಲ ಇರುತ್ತದಲ್ಲ.

ವಿಯೆನ್ನಾದಿಂದ ಬಂದ ಹಾನ್ಸ್ ಟುಪ್ಪಿ ಜೊತೆಗೂಡಿ ಬಿ ಸರವನ್ನು 1951ರಲ್ಲಿ ಮುಗಿಸಿದರು. ಆಸ್ಟ್ರೇಲಿಯದ ಥಾಂಪ್ಸನ್ ಜೊತೆ ಎ ಸರ, 1953. ಚಿಕ್ಕ ಸರವಾದರೂ ಎ ಹೆಚ್ಚು ಕಾಡಿತು, ಕಿಣ್ವ ಕತ್ತರಿಸುವ ಜಾಗಗಳು ಅದರಲ್ಲಿ ಕಡಿಮೆ. ಕೊನೆಗೆ ಗಂಧಕದ ಕೊಂಡಿ ಎಲ್ಲಿಂದ ಎಲ್ಲಿಗೆ ಎಂಬುದು. ಇದು ಬಲು ತರಲೆ ಕೆಲಸ. ಆಮ್ಲ ಸೋಕಿದರೆ ಕೊಂಡಿಗಳು ತಾವೇ ಜೋಡಿ ಬದಲಾಯಿಸಿಕೊಂಡುಬಿಡುತ್ತಿದ್ದವು. ಅದೂ 1955ರಲ್ಲಿ ಬಗೆಹರಿಯಿತು. ಮೂರು ಕೊಂಡಿ: ಎರಡು ಸರಗಳ ನಡುವೆ ಎರಡು, ಎ ಸರದ ಒಳಗೇ ಒಂದು. ಹತ್ತು ಹನ್ನೆರಡು ವರ್ಷದ ದುಡಿಮೆ, ಐವತ್ತೊಂದು ಮಣಿ. 1958ರಲ್ಲಿ ಸ್ಯಾಂಗರ್‌ಗೆ ನೊಬೆಲ್ ಬಹುಮಾನ.

ಓದಿ ಮುಗಿಸಿದ ಸರದಲ್ಲಿ ಏನು ಕಂಡಿತು? ತಾಳವೂ ಇಲ್ಲ, ಆವರ್ತವೂ ಇಲ್ಲ. ಬರ್ಗ್‌ಮನ್ ಹೇಳಿದ ಲೆಕ್ಕ ಎಲ್ಲೂ ಕೂಡಲಿಲ್ಲ. ಹಾಗೆಂದು ಕಲಸುಮೇಲೋಗರವೂ ಅಲ್ಲ. ಯಾವ ದನದ ಇನ್ಸುಲಿನ್ ತೆಗೆದರೂ ಅದೇ ಸಾಲು, ಅದೇ ಕ್ರಮ. ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇದು. ಸಾಲಿನಲ್ಲಿ ನಿಯಮ ಕಾಣುವುದಿಲ್ಲ, ಆದರೂ ಸಾಲು ತಪ್ಪುವುದಿಲ್ಲ. ಅಂದಮೇಲೆ ಎಲ್ಲೋ ಒಂದು ಕಡೆ ಅದನ್ನು ಬರೆದಿಟ್ಟಿರಲೇಬೇಕು, ಜೀವಕೋಶ ಅದನ್ನು ನೋಡಿ ನಕಲು ಮಾಡುತ್ತಿರಬೇಕು. ಕೇಂಬ್ರಿಜ್‌ನಲ್ಲೇ ಇದ್ದ ಫ್ರಾನ್ಸಿಸ್ ಕ್ರಿಕ್, ಡಿಎನ್‌ಎಯಲ್ಲಿರುವ ಅಕ್ಷರಗಳ ಸಾಲೇ ಪ್ರೋಟೀನಿನ ಮಣಿಗಳ ಸಾಲನ್ನು ನಿರ್ಧರಿಸುತ್ತದೆ ಎಂದು 1957ರಲ್ಲಿ ವಾದ ಮಂಡಿಸಿದಾಗ ಸ್ಯಾಂಗರ್ ಅವರ ಇನ್ಸುಲಿನ್ ಅದಕ್ಕೆ ಊರುಗೋಲಾಗಿತ್ತು.

ಒಂದು ಮಣಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಬೇಗನೆ ಸಿಕ್ಕಿತು. ಕೇಂಬ್ರಿಜ್‌ನಲ್ಲೇ ವರ್ನನ್ ಇನ್‌ಗ್ರಾಮ್ ಎಂಬುವರು 1956-57ರಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇರುವವರ ಹಿಮೋಗ್ಲೋಬಿನ್ನನ್ನು ಟ್ರಿಪ್ಸಿನ್ನಿನಿಂದ ತುಂಡರಿಸಿ ಕಾಗದದ ಮೇಲೆ ಹರಡಿದರು. ಆರೋಗ್ಯವಂತರ ಹಾಳೆ ಪಕ್ಕದಲ್ಲಿಟ್ಟರೆ ಸುಮಾರು ಮೂವತ್ತು ಚುಕ್ಕೆಗಳಲ್ಲಿ ಒಂದೇ ಒಂದು ಜಾಗ ಬಿಟ್ಟು ಕೂತಿತ್ತು. 146 ಮಣಿಗಳ ಬೀಟಾ ಸರದಲ್ಲಿ ಆರನೆಯ ಜಾಗ. ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲಿನ್. ಅಷ್ಟಕ್ಕೇ ದುಂಡಗಿರಬೇಕಾದ ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಮೈಕೈ ಕಿತ್ತುಹೋಗುವಂಥ ನೋವು. ಇದು ದೂರದ ಮಾತಲ್ಲ. ಭಾರತದಲ್ಲಿ ಈ ರೋಗದ ಗುರುತು 1952ರಲ್ಲಿ ಮೊದಲು ಸಿಕ್ಕಿದ್ದು ನಮ್ಮ ಗಡಿಯಾಚೆಯ ನೀಲಗಿರಿಯ ಬುಡಕಟ್ಟು ಜನರಲ್ಲಿ. ಚಾಮರಾಜನಗರ, ಎಚ್.ಡಿ. ಕೋಟೆ, ಕೊಡಗಿನ ಕಡೆಯ ಸೋಲಿಗರು, ಜೇನುಕುರುಬರಲ್ಲೂ ಅದು ಇದೆ. ಆ ಹಾಡಿಗಳಲ್ಲಿ ರಕ್ತಪರೀಕ್ಷೆಗೆ ಬರುವವರು ಹುಡುಕುವುದು ಆರನೆಯ ಮಣಿಯ ಆ ಒಂದು ತಪ್ಪನ್ನು.

ಸ್ಯಾಂಗರ್ ದಾರಿ ದೀರ್ಘ. ಸ್ವೀಡನ್ನಿನ ಪೇರ್ ಎಡ್ಮನ್ 1950ರಲ್ಲಿ ಅದಕ್ಕಿಂತ ಜಾಣ ದಾರಿ ಕಂಡುಹಿಡಿದರು. ತುದಿಯ ಮಣಿಗೆ ಗುರುತು ಹಚ್ಚಿ, ಅದೊಂದನ್ನೇ ಕಿತ್ತುಕೊಂಡು, ಉಳಿದ ಸರವನ್ನು ಹಾಗೇ ಬಿಡುವುದು. ಈಗ ಎರಡನೆಯದು ತುದಿಯಾಯಿತು, ಮತ್ತೆ ಕೀಳುವುದು. ಹೂವಾಡಗಿತ್ತಿ ಕಟ್ಟಿದ ಮಾಲೆಯನ್ನು ತುದಿಯಿಂದ ಬಿಡಿಸಿದಂತೆ. ಆಸ್ಟ್ರೇಲಿಯದ ಮೆಲ್ಬರ್ನ್‌ಗೆ ಹೋಗಿ ನೆಲೆಸಿದ ಎಡ್ಮನ್, ಅಲ್ಲಿ ಜೆಫ್ರಿ ಬೆಗ್ ಜೊತೆ ಈ ಕೆಲಸಕ್ಕೆ ಒಂದು ಯಂತ್ರವನ್ನೇ ಕಟ್ಟಿದರು. 1967ರಲ್ಲಿ ಅದು ತಿಮಿಂಗಿಲದ ಮಯೋಗ್ಲೋಬಿನ್ನಿನ ಅರವತ್ತು ಮಣಿಗಳನ್ನು ಒಂದೇ ಉಸಿರಿಗೆ ಓದಿತು. ಆದರೆ ಇದಕ್ಕೂ ಒಂದು ಮಿತಿ. ಪ್ರತಿ ಸಲ ನೂರಕ್ಕೆ 98 ಸರಗಳಲ್ಲಿ ಸರಿಯಾಗಿ ಮಣಿ ಕಿತ್ತುಬಂತು ಎನ್ನಿ, ಐವತ್ತನೆಯ ಸುತ್ತಿಗೆ ಸಾಲಿನಲ್ಲಿ ಉಳಿದಿರುವುದು ನೂರಕ್ಕೆ 36 ಮಾತ್ರ. ಉಳಿದವು ಹಿಂದೆಬಿದ್ದು ಗೊಂದಲ ಎಬ್ಬಿಸುತ್ತವೆ.

ಈಗಿನ ಕಾಲದವರು ತುಂಡುಗಳನ್ನು ತೂಗುತ್ತಾರೆ, ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ತಕ್ಕಡಿಯಲ್ಲಿ. ಒಂದು ತುಂಡಿಗಿಂತ ಅದರ ಮುಂದಿನ ತುಂಡು 57 ಹೆಚ್ಚು ತೂಗಿದರೆ ಸೇರಿದ ಮಣಿ ಗ್ಲೈಸಿನ್, 71 ಆದರೆ ಅಲನಿನ್. ಲ್ಯೂಸಿನ್ ಮತ್ತು ಐಸೊಲ್ಯೂಸಿನ್ ಎರಡೂ 113. ಅವೆರಡನ್ನು ಬರೀ ತೂಕದಿಂದ ಗುರುತಿಸುವಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಪಿ. ಬಲರಾಮ್ ಅವರ ತಂಡ ಭಾರತದ ಕರಾವಳಿಯ ಸಮುದ್ರದಲ್ಲಿರುವ ಶಂಕುವಿನಾಕಾರದ ವಿಷಬಸವನಹುಳುಗಳ ವಿಷದಲ್ಲಿರುವ ಪುಟ್ಟ ಪುಟ್ಟ ಸರಗಳನ್ನು ಹೀಗೇ ತೂಗಿ ಓದಿತು.

ಇವತ್ತು ಬಹುಪಾಲು ಪ್ರೋಟೀನ್ ಸಾಲುಗಳನ್ನು ಯಾರೂ ಪ್ರೋಟೀನಿನಿಂದ ಓದುವುದೇ ಇಲ್ಲ, ವಂಶವಾಹಿಯ ಡಿಎನ್‌ಎ ಓದಿ ಊಹಿಸುತ್ತಾರೆ. ಆ ಡಿಎನ್‌ಎ ಓದುವ ವಿಧಾನವನ್ನು 1977ರಲ್ಲಿ ಕೊಟ್ಟವರು ಯಾರು? ಅದೇ ಸ್ಯಾಂಗರ್. ತಮ್ಮ ಮೊದಲ ವಿದ್ಯೆಯನ್ನು ತಾವೇ ಮೂಲೆಗೆ ಸರಿಸಿದರು. 1980ರಲ್ಲಿ ಎರಡನೆಯ ನೊಬೆಲ್ ಅದಕ್ಕೆ. ಆದರೂ ಡಿಎನ್‌ಎ ಒಂದನ್ನೇ ಓದಿದ್ದರೆ ಇನ್ಸುಲಿನ್ ಒಂದೇ ಉದ್ದನೆಯ ಸರ ಎಂದು ನಾವು ಮೋಸ ಹೋಗುತ್ತಿದ್ದೆವು. ಮೈಯೊಳಗೆ ಅದು ಹುಟ್ಟುವುದು ಒಂದೇ ಸರವಾಗಿ. ಆಮೇಲೆ ನಡುವಿನ ತುಂಡನ್ನು ಕಿಣ್ವಗಳು ಕತ್ತರಿಸಿ ತೆಗೆಯುತ್ತವೆ. ಆದ್ದರಿಂದ ಪ್ರೋಟೀನನ್ನೇ ಕೈಗೆತ್ತಿಕೊಂಡು ಓದುವ ವಿದ್ಯೆ ಹಳೆಯದಾಯಿತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ಸುಲಿನ್ನಿನ ಸಾಲು ಗೊತ್ತಾಯಿತು, ಅಣುವಿನ ಆಕಾರ? ಅದನ್ನು ಎಕ್ಸ್-ರೇ ಹಾಯಿಸಿ 1969ರಲ್ಲಿ ಕಂಡವರು ಆಕ್ಸ್‌ಫರ್ಡ್‌ನ ಡೊರೊತಿ ಹಾಜ್‌ಕಿನ್ ಅವರ ತಂಡದವರು. ಆ ತಂಡದಲ್ಲಿದ್ದ ಎಂ. ವಿಜಯನ್ ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಬೆಂಗಳೂರಿನವರೇ ಆದರು.

ಇನ್ನು ನಮ್ಮತ್ತೆಯ ಸೀಸೆಯ ಪ್ರಶ್ನೆ. ಸ್ಯಾಂಗರ್ ತಂಡ ಹಂದಿ, ಕುರಿಗಳ ಇನ್ಸುಲಿನ್ನನ್ನೂ ಓದಿತ್ತು. ಮನುಷ್ಯರದ್ದು 1960ರಲ್ಲಿ ಬೇರೆಯವರಿಂದ ಹೊರಬಂತು. ದನದ ಇನ್ಸುಲಿನ್ನಿಗೂ ನಮ್ಮದಕ್ಕೂ 51ರಲ್ಲಿ ಮೂರು ಮಣಿ ವ್ಯತ್ಯಾಸ: ಎ ಸರದ ಎಂಟು ಮತ್ತು ಹತ್ತನೆಯದು, ಬಿ ಸರದ ಕೊನೆಯದು. ಹಂದಿಯದ್ದಾದರೆ ಬಿ ಸರದ ಕೊನೆಯ ಮಣಿ ಒಂದೇ. ಹೀಗಾಗಿ ದನದ್ದು ನಮಗೆ ಒಗ್ಗುತ್ತದೆ. ಆ ಮೂರು ಮಣಿಗಳನ್ನು ಗುರುತಿಸಿ ಮೈ ಕೆಲವೊಮ್ಮೆ ತಕರಾರು ಎತ್ತುವುದೂ ಉಂಟು. 1978ರಲ್ಲಿ ಅಮೆರಿಕದಲ್ಲಿ, ಮನುಷ್ಯರ ಇನ್ಸುಲಿನ್ನಿನ ಸಾಲನ್ನೇ ನೋಡಿಕೊಂಡು ಅದಕ್ಕೆ ತಕ್ಕ ಡಿಎನ್‌ಎಯನ್ನು ಕೈಯಿಂದ ಕಟ್ಟಿ ಬ್ಯಾಕ್ಟೀರಿಯಕ್ಕೆ ತುರುಕಿದರು. 1982ರಲ್ಲಿ ಮಾನವ ಇನ್ಸುಲಿನ್ ಅಂಗಡಿಗೆ ಬಂತು. ಬೆಂಗಳೂರಿನ ಬಯೋಕಾನ್ 2004ರಿಂದ ಯೀಸ್ಟಿನಲ್ಲಿ ಅದನ್ನು ತಯಾರಿಸುತ್ತಿದೆ. ನಮ್ಮತ್ತೆ ಅಷ್ಟು ದಿನ ಇರಲಿಲ್ಲ. ಇದ್ದಿದ್ದರೆ ನನಗೆ ಸುಳ್ಳು ಹೇಳುವ ಕೆಲಸ ತಪ್ಪುತ್ತಿತ್ತು.

ಸ್ಯಾಂಗರ್ 1983ರಲ್ಲಿ ನಿವೃತ್ತರಾಗಿ ತೋಟದ ಕೆಲಸಕ್ಕೆ ಕೂತರು. 'ಸರ್' ಪದವಿ ಬಂದಾಗ, ಹಾಗೆ ಕರೆಸಿಕೊಳ್ಳಲು ಇಷ್ಟವಿಲ್ಲ ಎಂದು ಬೇಡವೆಂದರು. 2013ರಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು.

ಕೇಳುಗರಲ್ಲಿ ಯಾರ ಮನೆಯಲ್ಲಾದರೂ ಇನ್ಸುಲಿನ್ ಇದ್ದರೆ, ನಾಳೆ ಸೀಸೆ ತೆಗೆದಾಗ ಅದರ ಮೇಲಿನ ಸಣ್ಣಕ್ಷರ ಓದಿ ನೋಡಿ. 1996ರಿಂದ ಮಾರುಕಟ್ಟೆಯಲ್ಲಿರುವ, ಊಟಕ್ಕೆ ಕೂರುವ ಹೊತ್ತಿಗೆ ಚುಚ್ಚಿಕೊಳ್ಳುವ ಒಂದು ಬಗೆಯ ಇನ್ಸುಲಿನ್ ಇದೆ. ಬಿ ಸರದಲ್ಲಿ 28ನೆಯದು ಪ್ರೋಲಿನ್, 29ನೆಯದು ಲೈಸಿನ್ ಇರುವುದು ಸಹಜ. ಇದರಲ್ಲಿ ಅವೆರಡನ್ನು ಅದಲುಬದಲು ಮಾಡಿದ್ದಾರೆ. ಹೊಸ ಮಣಿ ಒಂದೂ ಇಲ್ಲ, ಇದ್ದುದೊಂದೂ ಹೋಗಿಲ್ಲ. ಅಷ್ಟರಿಂದಲೇ ಅಣುಗಳು ಒಂದಕ್ಕೊಂದು ಅಂಟಿ ಗುಂಪುಗೂಡುವುದು ತಗ್ಗಿ ಮದ್ದು ಬೇಗ ರಕ್ತಕ್ಕೆ ಸೇರುತ್ತದೆ. ಸೀಸೆಯ ಮೇಲೆ 'ಲಿಸ್‌ಪ್ರೋ' ಎಂದಿದ್ದರೆ ಅದು ಕಂಪನಿ ಹೆಸರಲ್ಲ. ಲೈಸಿನ್, ಪ್ರೋಲಿನ್ ಎಂಬ ಆ ಎರಡು ಮಣಿಗಳ ಹೆಸರು, ಹೊಸ ಕ್ರಮದಲ್ಲಿ.